ಬಾಗಿಲಿಲ್ಲದ ಕಾರು

ಕೊನೆಯ ಕೋಟು ಬಣ್ಣ ಒಣಗುತ್ತಿದ್ದಾಗ ಕಾರು ಸೀನಿತು.

ಬೇರೆ ಯಾರಾದರೂ ಆಗಿದ್ದರೆ ಎದ್ದೆನೋ ಬಿದ್ದೆನೋ ಎಂದು ಹೊರಗೋಡುತ್ತಿದ್ದರು. ನುಣ್ಣಣ್ಣ ಓಡಲಿಲ್ಲ. ತನ್ನ ಕೈಯಲ್ಲಿ ತಯಾರಾದ ಕಾರಿಗೆ ಒಂದಲ್ಲ ಒಂದು ದಿನ ಜೀವ ಬಂದೇ ಬರುತ್ತದೆಂದು ಅವನು ಮೊದಲಿನಿಂದಲೂ ನಂಬಿಕೊಂಡಿದ್ದ. ಆ ಜೀವ ಸೀನುತ್ತಾ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಕಾರಿನ ಬೆನ್ನನ್ನು ಸವರಿದ. ಬಣ್ಣ ಇನ್ನೂ ಹಸಿಯಾಗಿದ್ದರಿಂದ ಗಾಳಿಯಲ್ಲೇ ಸವರಿ, "ಶೀತ ಆಯ್ತಾ ಮರಿ?" ಎಂದು ಕೇಳಿದ.

"ಶೀತ ಅಲ್ಲ, ಬಣ್ಣದ ಘಾಟು," ಎಂದಿತು ಕಾರು.

ದನಿ ಅವನ ಅತ್ತೆಯದು. ಅಂದರೆ ಹೆಂಡತಿಯ ತಾಯಿಯದು. ಆಗ ಮಾತ್ರ ನುಣ್ಣಣ್ಣ ಎರಡು ಹೆಜ್ಜೆ ಹಿಂದೆ ಸರಿದ.

ನುಣ್ಣಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅದು ಗ್ಯಾರೇಜುಗಳ ಬೀದಿ, ಅಲ್ಲಿ ತಲೆ ನೆಟ್ಟಗಿದ್ದವರು ಬಾಡಿಗೆಗೆ ಬರುತ್ತಿರಲಿಲ್ಲ. ಒಬ್ಬ ಕಾರುಗಳನ್ನು ಏಣಿ ಹಾಕಿ ಹತ್ತುವಷ್ಟು ಎತ್ತರ ಮಾಡುತ್ತಿದ್ದ. ಪಕ್ಕದವನು ಇರುವೆಯೂ ಅಡಿಗೆ ನುಸುಳಲಾರದಷ್ಟು ತಗ್ಗು ಮಾಡುತ್ತಿದ್ದ. ಎದುರಿನ ಬೆಂಕಿ ಪೇಂಟರ್ ಅಂತೂ ಏನು ಕಂಡರೂ ಅದರ ಮೇಲೆ ಉರಿಯುವ ಬೆಂಕಿ ಬರೆಯುತ್ತಿದ್ದ. ಒಮ್ಮೆ ನೀರಿನ ಟ್ಯಾಂಕರಿಗೆ ಬರೆದದ್ದು ಎಷ್ಟು ಚೆನ್ನಾಗಿತ್ತೆಂದರೆ ಯಾರೋ ಅಗ್ನಿಶಾಮಕದವರಿಗೆ ಫೋನು ಮಾಡಿದರು. ಅವರು ಬಂದರೆ ಇವನು, "ಹೇಗೂ ಬಂದಿದೀರಲ್ಲ, ನಿಮ್ಮ ಗಾಡಿಗೂ ಬರೆದುಕೊಡ್ಲಾ?" ಎಂದು ಕುಂಚ ಹಿಡಿದು ನಿಂತ.

ನುಣ್ಣಣ್ಣನ ಹುಚ್ಚು ಇನ್ನೊಂದು ಬಗೆಯದು. ಕಾರ್ಖಾನೆಯವರು ಕಾರನ್ನು ಚೂರುಚೂರಾಗಿ ಮಾಡಿ ಜೋಡಿಸುತ್ತಾರೆ, ಜೋಡಿಸಿದ ಸಂದುಗಳನ್ನು ನಾಚಿಕೆಯಿಲ್ಲದೆ ಹಾಗೇ ಬಿಟ್ಟು ಮಾರುತ್ತಾರೆ ಎನ್ನುವುದು ಅವನ ದೂರು. ಮೊದಮೊದಲು ಅವನು ಕಂಪನಿಯ ಹೆಸರನ್ನಷ್ಟೇ ಕಿತ್ತು ಆ ಜಾಗವನ್ನು ನುಣ್ಣಗೆ ಮಾಡುತ್ತಿದ್ದ. ಆಮೇಲೆ ಬಂಪರು ಹೋಯಿತು, ಕನ್ನಡಿ ಹೋಯಿತು, ಬಾಗಿಲಿನ ಹಿಡಿಗಳು ಹೋದವು. ಹಿಡಿಯ ಬದಲು ಎಲ್ಲೋ ಒಂದು ಗುಟ್ಟಿನ ಗುಂಡಿ ಇಡುತ್ತಿದ್ದ. ಎಲ್ಲಿಟ್ಟೆನೆಂಬುದನ್ನು ಮರೆತೂ ಬಿಡುತ್ತಿದ್ದ. ಒಬ್ಬ ಗಿರಾಕಿ ಇವತ್ತಿಗೂ ಡಿಕ್ಕಿಯಿಂದ ತೆವಳಿ ಸ್ಟೇರಿಂಗಿನವರೆಗೆ ಹೋಗುತ್ತಾನೆ, ಆದರೂ ಕಾರು ನೋಡಿದಾಗೆಲ್ಲ ಕಣ್ಣು ತಣಿಯುತ್ತದೆ ಎನ್ನುತ್ತಾನೆ. ಅತ್ತೆಯ ಕಬ್ಬಿಣದ ಬೀರುವಿನ ಹಿಡಿಯನ್ನೂ ಬೀಗವನ್ನೂ ತೆಗೆದು, ಸಂದು ಮುಚ್ಚಿ, ತಿಕ್ಕಿ, ಬಣ್ಣ ಬಳಿದು, ಉಡುಗೊರೆಯೆಂದು ಕೊಟ್ಟವನು ಅವನು. ಅವರ ಒಳ್ಳೊಳ್ಳೆಯ ಬಟ್ಟೆಗಳೆಲ್ಲ ಈಗಲೂ ಅದರೊಳಗೇ ಇವೆ. ಅಂದಿನಿಂದ ಅತ್ತೆ ಅಳಿಯನ ಜೊತೆ ಮಾತು ಬಿಟ್ಟರು. ಏನಿದ್ದರೂ ಮಗಳ ಮೂಲಕ.

ಈಗ ಅವನ ಮುಂದೆ ನಿಂತಿದ್ದದ್ದು ಅವನ ಜೀವಮಾನದ ಕಾರು. ಪ್ರತಿ ವರ್ಷ ಕಾರುಗಳ ಪ್ರದರ್ಶನದಲ್ಲಿ ಅವನಿಗೆ ಸಿಗುತ್ತಿದ್ದದ್ದು ಚಹದಂಗಡಿಯ ಪಕ್ಕದ ಮೂಲೆ. ಜನ ಅವನ ಕಾರಿನ ಮೇಲೆ ಲೋಟ ಇಟ್ಟು ಬೇರೆ ಕಾರುಗಳನ್ನು ನೋಡುತ್ತಿದ್ದರು. ಈ ಸಲ ತೀರ್ಪುಗಾರರು ಕಾರು ಅರ್ಧ ಮುಗಿದಾಗಲೇ ಬಂದು ನೋಡಿ, ಒಂದೇ ಒಂದು ಸಂದಿಲ್ಲದೆ ಮಾಡಿ ತಂದರೆ ಮೈದಾನದ ನಡುವೃತ್ತದಲ್ಲಿ ನಿಲ್ಲಿಸುವುದಾಗಿ ಮಾತು ಕೊಟ್ಟಿದ್ದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನುಣ್ಣಣ್ಣ ಕಿಟಕಿಗಳ ಗಾಜು ತೆಗೆದು ತಗಡು ಹಾಕಿದ. ಮುಂದೆ ಅಂಗೈಯಗಲದ ಒಂದು ಸೀಳು ಬಿಟ್ಟ. ಎಡಬದಿಯ ಬಾಗಿಲುಗಳನ್ನು ವೆಲ್ಡ್ ಮಾಡಿ ಮುಚ್ಚಿದ. ಕೊನೆಗೆ ಬಲಬದಿಯವನ್ನೂ ಮುಚ್ಚಿ, ಸಂದು ತುಂಬುವ ಪುಟ್ಟಿ ಹಚ್ಚಿ, ಊಟ ನಿದ್ದೆ ಬಿಟ್ಟು ತಿಕ್ಕಿ, ಬಣ್ಣ ಹೊಡೆದ. ಮರುದಿನವೇ ಪ್ರದರ್ಶನ.

"ನೀವು ಒಳಗೇನು ಮಾಡ್ತಿದೀರಿ?" ಎಂದು ಈಗ ಕೇಳಿದ.

"ಮಗಳೇ, ನಾನು ಕೂತಿದೀನಿ ಅಂತ ನಿನ್ನ ಗಂಡನಿಗೆ ಹೇಳು," ಎಂದರು ಅತ್ತೆ. ಮಗಳು ಅಲ್ಲಿರಲಿಲ್ಲ, ಆದರೆ ವ್ರತ ವ್ರತವೇ.

ಅವನ ಹೆಂಡತಿ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬೀದಿಯ ಕಾರುಗಳಿಗೆಲ್ಲ ಸೀಟಿನ ಹೊದಿಕೆ ಹೊಲಿಯುವವಳು ಅವಳೇ. ನುಣ್ಣಣ್ಣ ಬಾಗಿಲಲ್ಲಿ ನಿಂತು, "ನಿಮ್ಮಮ್ಮ ಕೂತಿದಾರಂತೆ," ಎಂದ.

"ಎಲ್ಲಿ?"

"ಕಾರಲ್ಲಿ."

"ಕೂತಿದ್ರೆ ಎದ್ದು ಬರೋಕೆ ಹೇಳಿ."

"ಎಲ್ಲಿಂದ ಬರ್ತಾರೆ?"

ಯಂತ್ರ ನಿಂತಿತು. ಅವಳು ಓಡಿಬಂದು ಸೀಳಿನಲ್ಲಿ ಇಣುಕಿದರೆ ಒಳಗಿನ ಮಬ್ಬಿನಲ್ಲಿ ತಾಯಿಯ ಮೊಣಕಾಲು ಕಂಡಿತು. "ಅಮ್ಮಾ! ನೀನು ಕೋಪ ಮಾಡ್ಕೊಂಡು ತಂಗಿ ಮನೆಗೆ ಹೋಗಿದೀಯ ಅಂದ್ಕೊಂಡಿದ್ನಲ್ಲೇ! ವೆಲ್ಡಿಂಗ್ ಮಾಡೋವಾಗ ಕೂಗಬಾರದಿತ್ತಾ?"

"ಯಾವ ಬಾಯಲ್ಲಿ ಕೂಗ್ಲಿ? ಹೊಸ ಸೀಟಿನ ಮೇಲೆ ಯಾರೂ ಕೂರಕೂಡದು ಅಂತ ನಿನ್ನ ಗಂಡ ಡಂಗುರ ಹೊಡೆದಿದ್ರಲ್ಲ. ಸೊಂಟ ನೋಯ್ತಿತ್ತು, ಕೂತೆ. ಊಟಕ್ಕೆ ಹೋದಾಗ ಇಳಿದುಬಿಡೋಣ ಅಂತ ಕಾದೆ. ಈ ಮನುಷ್ಯ ಊಟಕ್ಕೇ ಹೋಗ್ಲಿಲ್ಲ ಕಣೆ. ಚೀಲದಲ್ಲಿ ಬಿಸ್ಕತ್ತು ಇತ್ತು, ಬದುಕ್ಕೊಂಡೆ."

ಉಳಿದ ಅನುಕೂಲಗಳ ಬಗ್ಗೆ ತಾಯಿ ಮಗಳು ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡರು. ಕಾರಿನ ನೆಲದ ತಗಡಿನಲ್ಲಿ ಒಂದು ತೂತಿತ್ತು ಎಂದಷ್ಟೇ ಹೇಳಬಹುದು. ಅದಕ್ಕಿಂತ ಹೆಚ್ಚು ಕೇಳುವವರು ಮರ್ಯಾದಸ್ಥರಲ್ಲ.

ಗಲಾಟೆ ಕೇಳಿ ಬೆಂಕಿ ಪೇಂಟರ್ ಬಂದ. ಜ್ಯಾಕ್ ಕೊಟ್ಟು ಎತ್ತಿ ಅಡಿಯಿಂದ ತಗಡು ಕತ್ತರಿಸೋಣ ಎಂದ. ಒಂದು ಮೂಲೆ ಎತ್ತಿದರೂ ಮೈ ತಿರುಚಿಕೊಂಡು ಪುಟ್ಟಿಯೆಲ್ಲ ಬಿರುಕು ಬಿಡುತ್ತದೆ ಎಂದು ನುಣ್ಣಣ್ಣ ತಲೆಯಾಡಿಸಿದ. ಹಾಗಾದರೆ ಅತ್ತೆಯವರು ಆ ಸೀಳಿನಲ್ಲಿ ತೂರುವಷ್ಟು ಸಣ್ಣಗಾಗುವ ತನಕ ಕಾಯೋಣ ಎಂದ ಬೆಂಕಿ. ಹೆಂಡತಿ ಅವನನ್ನು ಸುಟ್ಟುಬಿಡುವ ಹಾಗೆ ನೋಡಿ, ಗೋಡೆಗೆ ನೇತುಹಾಕಿದ್ದ, ತಗಡು ಕೊಯ್ಯುವ ಗ್ರೈಂಡರನ್ನು ಇಳಿಸಿಕೊಂಡಳು.

ನುಣ್ಣಣ್ಣ ಎರಡೂ ಕೈ ಚಾಚಿ ಕಾರಿಗೆ ಅಡ್ಡ ನಿಂತ. "ಇವತ್ತು ಬೇಡ ಕಣೇ. ನಾಳೆ ಸಂಜೆವರೆಗೆ. ಒಂದೇ ಒಂದು ದಿನ."

ಹೇಳಿದ ಮೇಲೆ ತನ್ನ ಬಾಯಿಂದ ಬಂದ ಮಾತು ಕೇಳಿ ಅವನಿಗೇ ಹೇಸಿಗೆಯಾಯಿತು. ಒಳಗಿರುವುದು ಮನುಷ್ಯರು, ಹೊರಗಿರುವುದು ಪುಟ್ಟಿ. ಇಷ್ಟು ಅವನಿಗೆ ಗೊತ್ತಿತ್ತು. ಆದರೂ ಚಾಚಿದ ಕೈ ಇಳಿಯಲಿಲ್ಲ.

ಆಗ ಕಾರೇ ಅವನ ಮಾನ ಉಳಿಸಿತು. "ಯಾರೂ ಏನೂ ಕತ್ತರಿಸೋದು ಬೇಡ," ಎಂದರು ಅತ್ತೆ. "ಕತ್ತರಿಸಿದ್ರೂ ನಾನು ಇಳಿಯಲ್ಲ. ಇಷ್ಟು ವರ್ಷದಲ್ಲಿ ನನ್ನನ್ನ ಒಂದು ಪ್ರದರ್ಶನಕ್ಕಾದ್ರೂ ಕರ್ಕೊಂಡು ಹೋಗಿದೀರಾ? ಈ ಸಲ ಹೋಗೇ ಹೋಗ್ತೀನಿ. ಉಸಿರೆತ್ತಲ್ಲ, ಆಯ್ತಾ?"

ಹೆಂಡತಿ ಗ್ರೈಂಡರನ್ನು ನೆಲಕ್ಕಿಟ್ಟಳು. ಗಂಡನ ಮುಖ ನೋಡಲಿಲ್ಲ. ಆ ಗಳಿಗೆಯಿಂದ ಅವಳೂ ಮಾತು ಬಿಟ್ಟಳು. ಆಗ ಮನೆಯ ವ್ಯವಹಾರವೆಲ್ಲ ತಿರುಗುಮುರುಗಾಯಿತು. ಅವಳು ಸೀಳಿನ ಹತ್ತಿರ ಬಂದು, "ಅಮ್ಮಾ, ನಿನ್ನ ಅಳಿಯನಿಗೆ ಹೇಳು, ಚಹ ಆರ್ತಿದೆ ಅಂತ," ಎನ್ನುವಳು. ಒಳಗಿನಿಂದ, "ಅಳಿಯಂದ್ರೇ, ಚಹ ಆರ್ತಿದೆಯಂತೆ," ಎಂದು ಬರುವುದು. "ಕುಡಿದಾಯ್ತು ಅಂತ ಹೇಳಿ ಅತ್ತೆ," ಎಂದು ಇವನು. ಮಧ್ಯಸ್ಥಿಕೆ ಮಾಡಿ ಮಾಡಿ ಅತ್ತೆಗೆ ಬಾಯಿ ಒಣಗಿದಾಗ ಮಗಳು ಪೆಟ್ರೋಲಿನ ಹೊಸ ಪೈಪೊಂದನ್ನು ಸೀಳಿನಲ್ಲಿ ತೂರಿಸಿ ಅವರಿಗೂ ಚಹ ಇಳಿಸಿದಳು. ಬ್ರೆಡ್ಡು, ಬಾಳೆಹಣ್ಣು ಸೀಳಿನಲ್ಲಿ ಹಾಗೇ ತೂರಿದವು.

ಬೆಳಿಗ್ಗೆ ಬೆಂಕಿ ಪೇಂಟರನ ಲಾರಿಯ ಮೇಲೆ ಕಾರನ್ನು ಹಲಗೆಗಳ ಮೇಲಿಂದ ಜಾರಿಸಿ ಏರಿಸಿದರು. ಹೆಂಡತಿ ಮುಂದೆ ಡ್ರೈವರ್ ಪಕ್ಕ ಕೂತಳು. ನುಣ್ಣಣ್ಣ ಹಿಂದೆ, ಕಾರಿನ ಸೀಳಿಗೆ ಕಿವಿಯಾನಿಸಿ ನಿಂತ. ಲಾರಿ ಕುಲುಕಿದಾಗಲೆಲ್ಲ ಪುಟ್ಟಿ ಎಲ್ಲಿ ಬಿರಿಯುತ್ತದೋ ಎಂದು ಅವನ ಜೀವ ಹೋಗಿ ಬರುತ್ತಿತ್ತು.

"ಅಳಿಯಂದ್ರೇ," ಎಂದರು ಅತ್ತೆ ಒಳಗಿನಿಂದ ಮೆಲ್ಲಗೆ. "ಒಂದು ನಿಜ ಹೇಳ್ಲಾ? ನಾನು ಸೊಂಟ ನೋವು ಅಂತ ಹತ್ತಿ ಕೂತದ್ದಲ್ಲ."

"ಮತ್ತೆ?"

"ಇನ್ನು ಬಾಗಿಲೇ ಇರಲ್ಲ ಅಂತ ನೀವು ಬೆಂಕಿಯವನ ಹತ್ರ ಹೇಳ್ತಿದ್ದದ್ದು ಕೇಳಿಸ್ಕೊಂಡೆ. ನನ್ನ ಮಗಳು ಅಷ್ಟು ತಿಂಗಳು ಕೂತು ಹೊಲಿದದ್ದನ್ನ ಒಬ್ಬರಾದ್ರೂ ಕಣ್ಣುತುಂಬ ನೋಡ್ಬೇಕೋ ಬೇಡವೋ? ಅದಕ್ಕೇ ಹತ್ತಿದೆ. ನೋಡ್ತಾ ಕೂತೆ. ನೀವು ಮುಚ್ಚಿಬಿಟ್ರಿ."

ನುಣ್ಣಣ್ಣ ಕಾರಿನ ಒಳಗಿನ ಕೆಲಸವನ್ನು ಹೆಂಡತಿಗೆ ಒಪ್ಪಿಸಿದ್ದು ಹೌದು. "ನಿನಗೆ ತೋಚಿದ ಹಾಗೆ ಹೊಲಿ," ಎಂದಿದ್ದ. ಆಮೇಲೆ ಅತ್ತ ತಲೆ ಹಾಕಿ ಮಲಗಿರಲಿಲ್ಲ. ಒಳಗು ಅವನ ಲೆಕ್ಕಕ್ಕೆ ಬರುವ ಜಾಗವೇ ಅಲ್ಲ. "ಏನು ಹೊಲಿದಿದಾಳೆ?" ಎಂದು ಕೇಳಿದ. "ಮಖಮಲ್ಲು, ಅಡ್ಡಗೆರೆ ಉದ್ದಗೆರೆ, ಅಷ್ಟೇ ತಾನೆ?"

"ಗೆರೆಯಾ? ನಿಮ್ಮ ತಲೆ! ಚಾವಣಿ ತುಂಬ ನಮ್ಮ ಬೀದಿ ಇದೆ. ಕಾರುಗಳಿಗೆ ಚಕ್ರ ಇಲ್ಲ, ಕಾಲಿದೆ, ಎಲ್ಲವೂ ನಮ್ಮ ಗ್ಯಾರೇಜಿಂದ ಓಡಿಹೋಗ್ತಿವೆ. ಬೆಂಕಿಯವನಿದಾನೆ, ಮೋಡಕ್ಕೆ ಏಣಿ ಹಾಕಿ ಅದಕ್ಕೂ ಉರಿ ಬರೀತಿದಾನೆ. ಡಿಕ್ಕಿಯಲ್ಲಿ ತೆವಳೋ ಆ ಗಿರಾಕಿ ಇದಾನೆ, ಎರಡು ಕಾಲು ಮಾತ್ರ ಹೊರಗೆ. ನಾನೂ ಇದೀನಿ, ಮೂಗು ಇಷ್ಟುದ್ದ ಮಾಡಿದಾಳೆ ಹಾಳಾದವಳು. ನೀವೂ ಇದೀರಿ."

"ನಾನಾ? ಏನು ಮಾಡ್ತಿದೀನಿ?"

"ಮಲಗಿದೀರಿ. ಕೈಯಲ್ಲಿ ಎಮರಿ ಪೇಪರ್ ಹಾಗೇ ಇದೆ. ನಿದ್ದೇಲೂ ದಿಂಬು ತಿಕ್ತಿದೀರಿ. ಪಕ್ಕದಲ್ಲಿ ಅವಳು ಕೂತಿದಾಳೆ."

ನುಣ್ಣಣ್ಣ ಸೀಳಿಗೆ ಕಣ್ಣಿಟ್ಟ. ಸ್ಟೇರಿಂಗಿನ ಅರ್ಧ ಕಂಡಿತು, ಅತ್ತೆಯ ಮೊಣಕಾಲು ಕಂಡಿತು. ಬಗ್ಗಿದ, ಕತ್ತು ತಿರುಚಿದ, ಲಾರಿಯ ಹಲಗೆಯ ಮೇಲೆ ಮಲಗಿಯೂ ನೋಡಿದ. ಚಾವಣಿ ಮಾತ್ರ ಕಾಣದು. ಹೊರಗಿನವರ ಕಣ್ಣು ಒಳಗೆ ಹೋಗಬಾರದೆಂದೇ ಆ ಸೀಳನ್ನು ಅಷ್ಟು ಓರೆಯಾಗಿ ಮಾಡಿದ್ದವನು ಅವನೇ. ತನ್ನ ಕೆಲಸ ಇಷ್ಟು ಅಚ್ಚುಕಟ್ಟಾಗಿ ಆದದ್ದಕ್ಕೆ ಅವನಿಗೆ ಮೊದಲ ಸಲ ಅಳು ಬಂತು.

"ಇನ್ನೂ ಏನೇನಿದೆ ಹೇಳಿ ಅತ್ತೆ."

"ಅದೆಲ್ಲ ಹೇಳಿದ್ರೆ ಬರುತ್ತಾ? ನೋಡ್ಬೇಕು," ಎಂದರು ಅತ್ತೆ.

ಪ್ರದರ್ಶನದ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಉದ್ದ ಮೂತಿಯ ಕಾರುಗಳು, ಹಲ್ಲು ಬರೆಸಿಕೊಂಡ ಕಾರುಗಳು, ಎಂಜಿನ್ನನ್ನು ತಲೆಯ ಮೇಲೆ ಹೊತ್ತ ಕಾರುಗಳು ಸಾಲುಗಟ್ಟಿದ್ದವು. ನುಣ್ಣಣ್ಣನ ಕಾರು ನಡುವೃತ್ತಕ್ಕೆ ಜಾರಿದಾಗ ಸುತ್ತಲಿನ ಗದ್ದಲವೆಲ್ಲ ಅಡಗಿತು. ಅದರಲ್ಲಿ ಬಾಗಿಲಿಲ್ಲ, ಕಿಟಕಿಯಿಲ್ಲ, ಮುಂದ್ಯಾವುದು ಹಿಂದ್ಯಾವುದು ಎಂಬುದಕ್ಕೆ ಆ ಸೀಳೊಂದೇ ಗುರುತು. ಬಿಸಿಲು ಅದರ ಮೈಮೇಲೆ ಎಲ್ಲೂ ತಡೆಯದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುತ್ತಿತ್ತು. ಒಬ್ಬಳು ತಾಯಿ ಮಗುವಿನ ಕೈಯಿಂದ ಐಸ್‌ಕ್ರೀಮು ಕಿತ್ತುಕೊಂಡಳು, ಎಲ್ಲಿ ಹನಿ ಬೀಳುತ್ತದೋ ಎಂದು. ಚಹದ ಲೋಟ ಹಿಡಿದಿದ್ದವರು ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ತೀರ್ಪುಗಾರರು ಬಂದರು. ಅವರ ಕೈಯಲ್ಲಿ ಸಂದುಗಳನ್ನು ಅಳೆಯುವ ತೆಳುವಾದ ಉಕ್ಕಿನ ಪಟ್ಟಿಯಿತ್ತು. ಅದು ನುಗ್ಗುವ ಜಾಗ ಸಿಕ್ಕೀತೇ ಎಂದು ಕಾರಿಗೆ ಸುತ್ತು ಬಂದರು. ಮಂಡಿಯೂರಿ ನೋಡಿದರು. ಇನ್ನೊಂದು ಸುತ್ತು ಬಂದರು. ಕೊನೆಗೆ ಕಣ್ಣೊರೆಸಿಕೊಂಡು, "ಇದನ್ನ ಇನ್ನು ಯಾತಕ್ಕೆ ಇಟ್ಕೊಳ್ಳಲಿ?" ಎನ್ನುತ್ತಾ ಪಟ್ಟಿಯನ್ನು ಎರಡಾಗಿ ಮುರಿದು ಜೇಬಿಗೆ ಹಾಕಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನುಣ್ಣಣ್ಣ ಇಷ್ಟು ವರ್ಷ ಕನಸಿನಲ್ಲಿ ಕೇಳುತ್ತಿದ್ದ ಚಪ್ಪಾಳೆ ಅದು. ಅವನ ಎದೆ ಉಬ್ಬಿತು, ಇಲ್ಲವೆಂದರೆ ಸುಳ್ಳಾಗುತ್ತದೆ.

"ಕೊನೆಯ ಪ್ರಶ್ನೆ, ಎಲ್ಲರಿಗೂ ಕೇಳೋದೇ," ಎಂದರು ತೀರ್ಪುಗಾರರು. "ಒಳಗೇನಿದೆ?"

ಈ ಪ್ರಶ್ನೆಗೆ ನುಣ್ಣಣ್ಣ ಉತ್ತರ ತಯಾರು ಮಾಡಿಟ್ಟುಕೊಂಡಿದ್ದ. 'ಒಳಗು ಅನ್ನೋದೇ ಇಲ್ಲ ಸ್ವಾಮಿ' ಎನ್ನಬೇಕೆಂದು ಕನ್ನಡಿಯ ಮುಂದೆ ನಿಂತು, ಹುಬ್ಬು ಎಷ್ಟು ಏರಿಸಬೇಕೆಂಬುದನ್ನೂ ಅಭ್ಯಾಸ ಮಾಡಿದ್ದ. ಈಗ ಬಾಯಿ ತೆರೆದ. ಎದುರಿಗೆ ಜನರ ಮೊದಲ ಸಾಲಿನಲ್ಲಿ ಹೆಂಡತಿ ನಿಂತಿದ್ದಳು, ಬಾಳೆಹಣ್ಣಿನ ಚೀಲವನ್ನೂ ಪೆಟ್ರೋಲ್ ಪೈಪನ್ನೂ ಅವುಚಿಕೊಂಡು. ಕಾರಿನೊಳಗಿನಿಂದ ಒಂದು ಸದ್ದಿಲ್ಲ. ಅತ್ತೆ ಕೊಟ್ಟ ಮಾತಿಗೆ ತಪ್ಪದೆ ಉಸಿರು ಬಿಗಿಹಿಡಿದು ಕೂತಿದ್ದರು. ಆ ಮೌನ ಅವನೊಬ್ಬನಿಗೇ ಕೇಳಿಸಿತು.

"ಒಳಗೇನಿದೆ ಅಂತ ನಾನೂ ನೋಡಿಲ್ಲ ಸ್ವಾಮಿ," ಎಂದ ನುಣ್ಣಣ್ಣ. "ನೋಡ್ಬೇಕು."

ಬೆಂಕಿಯ ಲಾರಿಯ ಸಾಮಾನಿನ ಪೆಟ್ಟಿಗೆಯಿಂದ ಗ್ರೈಂಡರ್ ತಂದ, ವೈರನ್ನು ಪಕ್ಕದ ಮಳಿಗೆಗೆ ಸಿಕ್ಕಿಸಿದ, ಕಿಡಿ ತಡೆಯುವ ಕನ್ನಡಕ ಏರಿಸಿದ. ತೀರ್ಪುಗಾರರ ಮುಖ ಸುಣ್ಣದ ಹಾಗೆ ಬಿಳುಪೇರಿತು. "ಏಯ್! ಈ ವೃತ್ತದೊಳಗೆ ಬಂದ ಕಾರಿಗೆ ಉಗುರು ತಾಗಿಸಿದ್ರೂ ಸ್ಪರ್ಧೆಯಿಂದ ಹೊರಗೆ! ಗೊತ್ತಿದೆಯೇನಯ್ಯಾ?"

"ಗೊತ್ತು ಸ್ವಾಮಿ," ಎಂದ ಅವನು. ತಗಡಿಗೆ ಬಾಯಿ ಹತ್ತಿರ ತಂದು, "ಅತ್ತೆ, ಎಡಕ್ಕೆ ಸರೀರಿ. ಶಾಲು ಹಾಕ್ಕೊಳ್ಳಿ, ಕಿಡಿ ಬರುತ್ತೆ," ಎಂದ.

"ಸರಿದೆ. ಶಾಲು ಚಾವಣಿಗೆ ಹಿಡಿದಿದೀನಿ," ಎಂದಿತು ಕಾರು.

"ನಿಮ್ಮ ತಲೆಗೆ ಹಾಕ್ಕೊಳ್ಳಿ!"

"ನನ್ನ ತಲೆ ಮತ್ತೆ ಬೆಳೆಯುತ್ತೆ. ಹೊಲಿಗೆ ಬೆಳೆಯುತ್ತಾ? ಕತ್ತರಿಸ್ರೀ ಸುಮ್ನೆ!"

ಕಾರು ಮಾತಾಡಿದ್ದು ಕೇಳಿ ಜನ ಹೋ ಎಂದರು. ಯಾರೋ ಒಬ್ಬರು ಮೂರ್ಛೆ ಹೋದರು, ಅವರನ್ನು ನೋಡಲು ಯಾರೂ ತಿರುಗಲಿಲ್ಲ. ಗ್ರೈಂಡರ್ ಕಿರುಚಿತು. ಜೀವನಪೂರ್ತಿ ಗೆರೆಗಳನ್ನು ಅಳಿಸಿದವನಿಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರಲಿಲ್ಲ. ಅಂಕುಡೊಂಕಾಗಿ ಹೋಯಿತು. ಪುಟ್ಟಿ ಹೆಂಟೆಹೆಂಟೆಯಾಗಿ ಉದುರಿತು. ಒಂದೊಂದು ಹೆಂಟೆ ಬಿದ್ದಾಗಲೂ ಅದರತ್ತ ಒಮ್ಮೆ ನೋಡುತ್ತಿದ್ದ, ಆದರೆ ಕೈ ನಿಲ್ಲಲಿಲ್ಲ. ಕನ್ನಡಕದೊಳಗೆ ನೀರು ತುಂಬಿ ಏನೂ ಕಾಣದಾದಾಗ ಅಂದಾಜಿನ ಮೇಲೆ ಕತ್ತರಿಸಿದ. ಕೊನೆಗೆ ಆ ತಗಡಿನ ತುಂಡು ದಢಾರನೆ ಮಣ್ಣಿಗೆ ಬಿತ್ತು.

ಅತ್ತೆ ಮಗಳ ಹೆಗಲು ಹಿಡಿದು ಇಳಿದರು. ಅವರ ಕಾಲು ಪೂರಾ ನೆಲಕ್ಕೆ ತಾಗುವ ಮೊದಲೇ ನುಣ್ಣಣ್ಣ ಒಳಗೆ ನುಗ್ಗಿ ಹಿಂದಿನ ಸೀಟಿನ ಮೇಲೆ ಅಂಗಾತ ಬಿದ್ದುಕೊಂಡ.

ಎಲ್ಲ ಅತ್ತೆ ಹೇಳಿದ ಹಾಗೇ ಇತ್ತು, ಹೇಳದಿದ್ದದ್ದೂ ಇತ್ತು. ಗ್ರೈಂಡರಿನ ಕಿಡಿಗಳನ್ನು ಹಳದಿ ದಾರದಲ್ಲಿ ಒಂದೊಂದಾಗಿ ಗಂಟು ಹಾಕಿದ್ದಳು. ಅವನು ಬೋಳಿಸಿದ ಕಾರುಗಳು ಚಳಿಗೆ ನಡುಗುತ್ತಿದ್ದವು. ಮಲಗಿದ ಗಂಡನ ಬಾಯಿಂದ ಸಣ್ಣದೊಂದು ಜೊಲ್ಲಿನ ಎಳೆ ಕೂಡ ಇತ್ತು, ಬೆಳ್ಳಿ ಬಣ್ಣದ್ದು. ನಗುತ್ತಾ ನಗುತ್ತಾ ಅವನ ಕಣ್ಣು ಪಕ್ಕದಲ್ಲಿ ಕೂತ ಹೆಂಗಸಿನ ಮೇಲೆ ಹೋಯಿತು. ಬೀದಿಯ ನಾಯಿಗೂ ಮುಖ ಹೊಲಿದವಳು ತನಗೆ ಹೊಲಿದುಕೊಂಡಿರಲಿಲ್ಲ. ಕೂದಲಿತ್ತು, ಕಿವಿಯಿತ್ತು. ಕಣ್ಣು, ಮೂಗು, ಬಾಯಿ ಇರಬೇಕಾದ ಕಡೆ ಬರೀ ನುಣುಪಾದ ಬಟ್ಟೆ.

ಅವನು ಅದನ್ನು ನೋಡುತ್ತಲೇ ಮಲಗಿದ. ಹೊರಗೆ ಅವನನ್ನು ಸ್ಪರ್ಧೆಯಿಂದ ತೆಗೆದುಹಾಕಿದ್ದನ್ನು ಮೈಕಿನಲ್ಲಿ ಕೂಗಿದರು. ಅವನಿಗೆ ಕೇಳಿಸಲಿಲ್ಲ. ಬೆಂಕಿ ಪೇಂಟರ್ ಅವನ ಕಾಲು ಹಿಡಿದು ಎಳೆದು, "ನನ್ನನ್ನ ಮೋಡಕ್ಕೆ ಹತ್ತಿಸಿದಾಳಂತೆ, ಏಳೋ, ನೋಡ್ಬೇಕು," ಎಂದ. ಅವನ ಹಿಂದೆ ಸಾಲು ಬೆಳೆದಿತ್ತು. ಮುರಿದ ಪಟ್ಟಿಯ ತೀರ್ಪುಗಾರರೂ ಸಾಲಿನಲ್ಲಿದ್ದರು, ಯಾರೂ ಗುರುತಿಸದಿರಲೆಂದು ಟೋಪಿ ಮುಂದಕ್ಕೆಳೆದುಕೊಂಡು. ಆಮೇಲೆ ಸಂಜೆಯವರೆಗೆ ಕಾರಿನ ಹೊರಮೈಯನ್ನು ಒಬ್ಬರೂ ತಿರುಗಿ ನೋಡಲಿಲ್ಲ. ಒಳಗೆ ಹೋಗುವಾಗ ಅದರ ಮೇಲೆ ಲೋಟ ಇಟ್ಟು ಹೋದರು. ನುಣ್ಣಣ್ಣನಿಗೆ ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು. ಯಾವುದು ಎಷ್ಟೆಂದು ಅವನಿಗೇ ತಿಳಿಯಲಿಲ್ಲ.

ಜನ ಕರಗಿದ ಮೇಲೆ ಹೆಂಡತಿ ಕಾರಿನ ಹತ್ತಿರ ಬಂದಳು. ಅಷ್ಟು ತಿಂಗಳು ಹೊಲಿದ ಸೀಟಿನ ಮೇಲೆ ಅವಳು ಒಮ್ಮೆಯೂ ಕೂತಿರಲಿಲ್ಲ. ಬಗ್ಗಿ ಒಳಗೆ ಹೋಗಿ ಕೂತಳು, ಕಾಲು ಚಾಚಿದಳು, ತಲೆ ಹಿಂದಕ್ಕೆ ಒರಗಿಸಿದಳು. ನುಣ್ಣಣ್ಣ ಬಿದ್ದಿದ್ದ ತಗಡಿನ ತುಂಡನ್ನು ಎತ್ತಿಕೊಂಡು ತಾನು ಕತ್ತರಿಸಿದ ತೂತಿನ ಮುಂದೆ ನಿಂತ.

"ಅತ್ತೆ," ಎಂದ, "ನಿಮ್ಮ ಮಗಳಿಗೆ ಹೇಳಿ, ಇದನ್ನ ಬಾಗಿಲು ಮಾಡ್ತೀನಿ ಅಂತ."

"ನನ್ನ ಬಾಯಿ ನೋಯ್ತಿದೆ," ಎಂದರು ಅತ್ತೆ. "ನೀವೇ ಹೇಳ್ಕೊಳ್ಳಿ." ಅವರು ಉಳಿದ ಕಾರುಗಳನ್ನು ನೋಡುತ್ತಾ ಹೊರಟುಹೋದರು.

ನುಣ್ಣಣ್ಣ ತಗಡನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಬಾಗಿಲು ಮಾಡ್ತೀನಿ," ಎಂದ. "ಕೀಲು ಹಾಕ್ತೀನಿ, ಸಂದು ಕಂಡ್ರೂ ಕಾಣ್ಲಿ. ಹಿಡಿ ಎಲ್ಲಿಡ್ಲಿ?"

ಅವಳು ಕಣ್ಣು ಮುಚ್ಚಿ ಸೀಟಿಗೆ ಇನ್ನಷ್ಟು ಒರಗಿಕೊಂಡಳು.

"ಒಳಗಡೆ," ಎಂದಳು. "ನೀವು ಬರ್ಬೇಕಂದ್ರೆ ಹೊರಗಿಂದ ತಟ್ಟಿ."